ಒಂದೇ ಕಾಯಿಲೆ, ಹಲವು ಹೆಸರು: ರೂಪ ಬದಲಿಸುವ ಅರೆತಲೆನೋವು

ನಮ್ಮ ಮನೆಯಲ್ಲಿ ಒಂದೇ ಕಾಯಿಲೆಗೆ ಮೂರು ಹೆಸರುಗಳಿದ್ದವು. ಅಜ್ಜಿಗೆ ಬರುತ್ತಿದ್ದುದು ‘ಪಿತ್ತದ ತಲೆನೋವು’; ಬೆಳಿಗ್ಗೆ ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಹಳದಿ ನೀರು ವಾಂತಿಯಾದ ಮೇಲೆ ಇಳಿಯುತ್ತಿತ್ತು. ಅಮ್ಮನದು ‘ಅರೆತಲೆನೋವು’, ಮುಟ್ಟಿಗೆ ಒಂದೆರಡು ದಿನ ಮುಂಚೆ ಬಲಗಣ್ಣಿನ ಹಿಂದೆ ಹುಟ್ಟಿದರೆ, ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರೂ ಬಿಡುತ್ತಿರಲಿಲ್ಲ. ಹದಿಹರೆಯದಲ್ಲಿ ನನಗೆ ಬರುತ್ತಿದ್ದುದನ್ನು, ತಲೆಸ್ನಾನದ ನಂತರ ಕೂದಲು ಸರಿಯಾಗಿ ಒಣಗಿಸಿಕೊಳ್ಳದಿದ್ದುದರ ಫಲವೆಂದು ಎಲ್ಲರೂ ನಂಬಿದ್ದರು. ನಲವತ್ತು ದಾಟಿದ ಮೇಲೆ ನನ್ನ ನೋವು ಕಡಿಮೆಯಾಗಿ, ಅದರ ಬದಲು ತಲೆಸುತ್ತು ಮತ್ತು ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆಗಳು ಬರತೊಡಗಿದಾಗ, ಇದು ಬೇರೆ ಯಾವುದೋ ದೊಡ್ಡ ರೋಗವೆಂದು ಹೆದರಿದ್ದೆ. ಪರೀಕ್ಷೆಗಳೆಲ್ಲ ಮುಗಿದ ಬಳಿಕ ನರರೋಗ ತಜ್ಞರು ಬರೆದುಕೊಂಡದ್ದು ಮೈಗ್ರೇನ್ ಎಂಬ ಒಂದೇ ಪದವನ್ನು. ಅಜ್ಜಿಯ, ಅಮ್ಮನ ಲಕ್ಷಣಗಳನ್ನು ವಿವರಿಸಿದಾಗಲೂ ಅವರು ಹೇಳಿದ್ದು ಅದನ್ನೇ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಕರ್ನಾಟಕದ ನಗರ ಮತ್ತು ಹಳ್ಳಿಗಳಲ್ಲಿ 18ರಿಂದ 65 ವರ್ಷದೊಳಗಿನ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ ನಡೆಸಿದ ಸಮೀಕ್ಷೆಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಶೇ. 25ರಷ್ಟು ಮಂದಿಯನ್ನು ಮೈಗ್ರೇನ್ ಕಾಡಿತ್ತು. ಅವರಲ್ಲಿ ಹೆಂಗಸರೇ ಹೆಚ್ಚು. ನಾಲ್ವರಲ್ಲಿ ಒಬ್ಬರನ್ನು ಮುಟ್ಟುವ ಕಾಯಿಲೆಯನ್ನು ನಾವು ಇನ್ನೂ ‘ಬರೀ ತಲೆನೋವು’ ಎನ್ನುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮೈಗ್ರೇನ್‌ನಲ್ಲಿ ನೋವು ಒಂದು ಹಂತ ಮಾತ್ರ. ಅದು ಶುರುವಾಗುವುದಕ್ಕೆ ಒಂದು ದಿನ ಮೊದಲೇ ಮಿದುಳು ಬದಲಾಗತೊಡಗಿರುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ಮೈಗ್ರೇನ್ ಇರುವ ಒಬ್ಬ ಮಹಿಳೆಯ ಮಿದುಳನ್ನು 30 ದಿನ ಪ್ರತಿದಿನವೂ ಸ್ಕ್ಯಾನ್ ಮಾಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಅವಧಿಯಲ್ಲಿ ಆಕೆಗೆ ಮೂರು ಬಾರಿ ಮೈಗ್ರೇನ್ ಬಂದಿತ್ತು. ಪ್ರತಿ ಬಾರಿಯೂ ನೋವಿಗೆ ಮುಂಚಿನ 24 ಗಂಟೆಗಳಲ್ಲಿ ಹೈಪೋಥಾಲಮಸ್ ಎಂಬ ಭಾಗದ ಚಟುವಟಿಕೆ ಬದಲಾಗಿತ್ತು. ನಿದ್ದೆ, ಹಸಿವು, ಬಾಯಾರಿಕೆ, ಹಾರ್ಮೋನುಗಳನ್ನು ನಿಯಂತ್ರಿಸುವ ಜಾಗವದು. ಹಿಂದಿನ ದಿನವೇ ಮೇಲಿಂದ ಮೇಲೆ ಆಕಳಿಕೆ ಬರುವುದು, ಕತ್ತು ಬಿಗಿಯುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಸಿಹಿ ತಿನ್ನುವ ಆಸೆ ಕೆರಳುವುದು ಏಕೆಂದು ಇದರಿಂದ ಅರ್ಥವಾಗುತ್ತದೆ. ಚಾಕೊಲೇಟ್ ತಿಂದದ್ದರಿಂದಲೇ ತಲೆನೋವು ಬಂತೆಂದು ನಂಬುವವರಲ್ಲಿ ಹಲವರಿಗೆ, ಆಗಲೇ ಶುರುವಾಗಿದ್ದ ಮೈಗ್ರೇನೇ ಚಾಕೊಲೇಟಿನ ಆಸೆ ಹುಟ್ಟಿಸಿರುವ ಸಾಧ್ಯತೆ ಇದೆ.

ನನ್ನನ್ನು ಹೆದರಿಸಿದ ಆ ಮಿನುಗುವ ಗೆರೆಗಳಿಗೆ ‘ಆರಾ’ ಎಂದು ಹೆಸರು. ಮೈಗ್ರೇನ್ ಇರುವವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಇದು ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮಗೆ ಕಾಣಿಸಿಕೊಳ್ಳುತ್ತಿದ್ದ ಆರಾ ನಿಮಿಷ ನಿಮಿಷಕ್ಕೂ ಹೇಗೆ ಹರಡುತ್ತದೆಂದು ಕಾಗದದ ಮೇಲೆ ಗುರುತು ಹಾಕಿಕೊಂಡು, ಮಿದುಳಿನ ದೃಷ್ಟಿ ವಲಯದ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಸಾಗುತ್ತಿರಬೇಕೆಂದು 1941ರಲ್ಲಿ ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡೀಸ್ ಲೆಯಾವ್, ಮೈಗ್ರೇನ್‌ಗೆ ಸಂಬಂಧವೇ ಇಲ್ಲದ ಪ್ರಯೋಗವೊಂದರಲ್ಲಿ, ಮೊಲದ ಮಿದುಳಿನ ಮೇಲ್ಪದರದಲ್ಲಿ ಅಷ್ಟೇ ನಿಧಾನವಾಗಿ ಹರಡುವ ವಿದ್ಯುತ್ ಅಲೆಯೊಂದನ್ನು ಕಂಡರು. ಅದು ಹಾದುಹೋದ ಜಾಗದ ನರಕೋಶಗಳು ಸ್ವಲ್ಪ ಹೊತ್ತು ಸ್ತಬ್ಧವಾಗುತ್ತಿದ್ದವು. ಎರಡೂ ಒಂದೇ ಎಂಬುದಕ್ಕೆ ಮನುಷ್ಯರ ಮಿದುಳಿನ ಸ್ಕ್ಯಾನ್‌ಗಳಿಂದ ಬಲವಾದ ಪುರಾವೆ ದೊರೆತದ್ದು 2001ರಲ್ಲಿ. ಅಲೆ ದೃಷ್ಟಿ ವಲಯದಲ್ಲಿದ್ದರೆ ಬೆಳಕಿನ ಗೆರೆಗಳು, ಸ್ಪರ್ಶದ ವಲಯಕ್ಕೆ ಹರಿದರೆ ಬೆರಳು ಮತ್ತು ತುಟಿಗಳಲ್ಲಿ ಜುಮುಗುಡುವಿಕೆ, ಭಾಷೆಯ ವಲಯವನ್ನು ಮುಟ್ಟಿದರೆ ಮಾತಿನ ತಡವರಿಕೆ. ಅದೇ ವ್ಯಕ್ತಿಗೆ ಈ ತಿಂಗಳು ಒಂದು ಲಕ್ಷಣ, ಮುಂದಿನ ತಿಂಗಳು ಇನ್ನೊಂದು ಕಾಣಿಸುವುದಕ್ಕೆ ಇದೂ ಒಂದು ಕಾರಣ. ಕೆಲವರಿಗೆ, ವಿಶೇಷವಾಗಿ ವಯಸ್ಸಾದ ಮೇಲೆ, ಅಲೆ ಮಾತ್ರ ಬಂದು ಹೋಗುತ್ತದೆ, ನೋವು ಬರುವುದೇ ಇಲ್ಲ.

ನೋವಿನ ಹಂತ ಟ್ರೈಜೆಮಿನಲ್ ಎಂಬ ನರದ್ದು. ಅದರ ತುದಿಗಳಿಂದ ಸಿಜಿಆರ್‌ಪಿ ಎಂಬ ಚಿಕ್ಕ ಪ್ರೋಟೀನ್ ತುಣುಕು ಹೊರಬಿದ್ದು, ಮಿದುಳಿನ ಪೊರೆಯ ರಕ್ತನಾಳಗಳನ್ನು ಹಿಗ್ಗಿಸಿ, ನೋವಿನ ಸಂದೇಶವನ್ನು ತೀವ್ರಗೊಳಿಸುತ್ತದೆ. ಇದರ ಕೆಲಸವನ್ನು ತಡೆಯುವ ಮೊದಲ ಪ್ರತಿಕಾಯ ಔಷಧ ಎರೆನುಮ್ಯಾಬ್‌ಗೆ ಅಮೆರಿಕದಲ್ಲಿ 2018ರಲ್ಲಿ ಮಂಜೂರಾತಿ ದೊರೆಯಿತು.

ಹಾಗಾದರೆ ಕಾಯಿಲೆ ಒಂದೇ ಆಗಿದ್ದೂ ವರ್ಷದಿಂದ ವರ್ಷಕ್ಕೆ ಅದರ ಆವರ್ತನ ಏಕೆ ಬದಲಾಗುತ್ತದೆ? ನಾನು ಇದನ್ನು ಕೆರೆಯ ಕೋಡಿಗೆ ಹೋಲಿಸಿಕೊಳ್ಳುತ್ತೇನೆ. ನಿದ್ದೆಗೆಟ್ಟ ರಾತ್ರಿ, ತಪ್ಪಿದ ಊಟ, ಉಪವಾಸ, ಬಿಸಿಲು, ಗಾಢ ವಾಸನೆ, ಇವೆಲ್ಲ ಕೆರೆಗೆ ಹರಿದು ಬರುವ ಹಳ್ಳಗಳು. ಒಂದೊಂದೇ ಬಂದರೆ ಕೆರೆ ತಡೆದುಕೊಳ್ಳುತ್ತದೆ, ಎರಡು ಮೂರು ಸೇರಿದರೆ ಕೋಡಿ ಬೀಳುತ್ತದೆ. ತಲೆಸ್ನಾನವೂ ಅಂಥದೊಂದು ಹಳ್ಳವೆಂದು ತಿಳಿದಾಗ ನನಗೆ ನಮ್ಮ ಹಿರಿಯರ ಬಗ್ಗೆ ಗೌರವ ಹೆಚ್ಚಿತು: ಮುಂಬೈಯ ತಲೆನೋವು ತಜ್ಞ ಕೆ. ರವಿಶಂಕರ್ ಅವರು, ತಲೆಸ್ನಾನದಿಂದ ಮೈಗ್ರೇನ್ ಕೆರಳುವ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದ್ದಾರೆ. ಇನ್ನು ಕೋಡಿಯ ಎತ್ತರವೇ ಏರಿಳಿಯುತ್ತಿರುತ್ತದೆ. ಮುಟ್ಟಿಗೆ ಮುಂಚೆ ಈಸ್ಟ್ರೋಜೆನ್ ಥಟ್ಟನೆ ಇಳಿದಾಗ ಕೋಡಿಯೂ ತಗ್ಗುತ್ತದೆ. ಗರ್ಭಿಣಿಯಾಗಿದ್ದಾಗ ಆ ಹಾರ್ಮೋನು ಸ್ಥಿರವಾಗಿ ಮೇಲಿರುವುದರಿಂದ ಬಹಳ ಮಂದಿಗೆ ಕೊನೆಯ ಆರು ತಿಂಗಳು ನೆಮ್ಮದಿಯಾಗಿರುತ್ತದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹಾರ್ಮೋನು ಹೊಯ್ದಾಡುವಾಗ ಕಾಟ ಮತ್ತೆ ಹೆಚ್ಚಾಗಿ, ಪೂರ್ತಿ ನಿಂತ ಮೇಲೆ ಹಲವರಿಗೆ ತಗ್ಗುತ್ತದೆ.

ಆದರೆ ನಾವೇ ಅರಿಯದೆ ಕೋಡಿಯನ್ನು ಒಡೆಯುವುದೂ ಉಂಟು, ಮೆಡಿಕಲ್ ಶಾಪಿನ ಮಾತ್ರೆಗಳಿಂದ. ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಅಥವಾ ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್, ಎರ್ಗೋಟಮೀನ್ ಮತ್ತು ಹಲವು ಔಷಧಗಳು ಬೆರೆತ ನೋವಿನ ಮಾತ್ರೆಗಳನ್ನು 10 ದಿನ, ಮೂರು ತಿಂಗಳಿಗೂ ಮೀರಿ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವನ್ನು ಉಳಿಸತೊಡಗುತ್ತದೆ. ತಿಂಗಳಿಗೆ ಎರಡು ಬಾರಿ ಬರುತ್ತಿದ್ದುದು ವಾರಕ್ಕೆ ನಾಲ್ಕು ದಿನವಾದಾಗ ಮೊದಲು ಎಣಿಸಬೇಕಾದದ್ದು ಖಾಲಿಯಾದ ಮಾತ್ರೆ ಪಟ್ಟಿಗಳನ್ನು. ಹಾಗೆ ಹೆಚ್ಚಾದಾಗ, ನೋವು ಬಾರದಂತೆ ತಡೆಯಲು ದಿನವೂ ತೆಗೆದುಕೊಳ್ಳುವ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಾಮೇಟ್‌ನಂಥ ಬೇರೆಯೇ ಬಗೆಯ ಔಷಧಗಳಿವೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಬದಲಾವಣೆಯೆಲ್ಲ ಮೈಗ್ರೇನಿನದೇ ಎಂದು ಸುಮ್ಮನಿರುವುದೂ ಅಪಾಯವೇ. ಒಂದೇ ನಿಮಿಷದೊಳಗೆ ಸಿಡಿಲಿನಂತೆ ಎರಗಿ ಪರಮಾವಧಿ ಮುಟ್ಟುವ ನೋವು, ಜ್ವರ ಮತ್ತು ಬಿಗಿದ ಕತ್ತಿನೊಂದಿಗೆ ಬರುವ ನೋವು, ಕೈಕಾಲಿನ ಸ್ವಾಧೀನ ತಪ್ಪುವುದು, ಇವುಗಳಲ್ಲಿ ಯಾವುದೇ ಇದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಐವತ್ತರ ನಂತರ ಮೊದಲ ಬಾರಿಗೆ ಶುರುವಾದ ತಲೆನೋವನ್ನು ತಪ್ಪದೆ ವೈದ್ಯರಿಗೆ ತೋರಿಸಬೇಕು. ಆರಾ ಬರುವ ಹೆಂಗಸರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮುಂಚೆ ಅದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ಎರಡೂ ಸೇರಿದಾಗ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಉಳಿದಂತೆ ನನಗೆ ಹೆಚ್ಚು ನೆರವಾದದ್ದು ಇನ್ನೂರು ಪುಟದ ಒಂದು ನೋಟುಪುಸ್ತಕ. ನೋವಿನ ದಿನ, ಮಲಗಿದ ಹೊತ್ತು, ಮುಟ್ಟಿನ ತಾರೀಖು, ನುಂಗಿದ ಮಾತ್ರೆ, ಇಷ್ಟನ್ನೇ ಬರೆಯುತ್ತೇನೆ. ಕಳೆದ ವರ್ಷದಿಂದ ಅದರಲ್ಲಿ ಇನ್ನೊಂದು ಅಂಕಣ ಸೇರಿದೆ. ಒಂಬತ್ತು ವರ್ಷದ ಮಗಳಿಗೆ ಆಗಾಗ ಹೊಕ್ಕುಳ ಸುತ್ತ ನೋವು ಬಂದು, ಮುಖ ಬಿಳಿಚಿಕೊಂಡು, ಮಲಗಿ ಎದ್ದರೆ ಏನೂ ಆಗದವಳಂತೆ ಆಡಲು ಓಡುತ್ತಾಳೆ. ಅಮ್ಮ ಅದನ್ನು ದೃಷ್ಟಿ ತಾಕಿದ್ದೆಂದು ಇಳಿ ತೆಗೆಯುತ್ತಿದ್ದಳು. ಮಕ್ಕಳ ವೈದ್ಯರು ಹೊಟ್ಟೆಯ ಬೇರೆ ಕಾಯಿಲೆಗಳು ಇಲ್ಲವೆಂದು ಖಚಿತಪಡಿಸಿಕೊಂಡು, ಮನೆಯಲ್ಲಿ ಯಾರಿಗಾದರೂ ತಲೆನೋವಿದೆಯೇ ಎಂದು ಕೇಳಿದರು. ನಾನು ಅಜ್ಜಿಯ ಪಿತ್ತದಿಂದ ಶುರುಮಾಡಿದೆ.