ಹಣ್ಣು ಬಿಡಿ, ಎಲೆಯ ಅಂಚು ನೋಡಿ

ಅಮೆರಿಕದ ಮೇಯ್ನ್ ರಾಜ್ಯಕ್ಕೆ ಆಗಸ್ಟ್‌ನಲ್ಲಿ ಹೋದವರು ಕಾಡು ಬ್ಲೂಬೆರಿಯ ಫೋಟೋ ಕಳಿಸಿ, "ಇದು ಯಾವ ಜಾತಿ?" ಅಂತ ಕೇಳುತ್ತಾರೆ. ಫೋಟೋ ತುಂಬ ಬರೀ ಹಣ್ಣು. ಎಲೆ ಮಸುಕು. ಆದರೆ ಹಣ್ಣಿನ ಬಣ್ಣ ನಂಬುವಂಥದ್ದಲ್ಲ. ಒಂದೇ ಜಾತಿಯಲ್ಲಿ ಬೂದಿ ಬಳಿದಂಥ ನೀಲಿ ಹಣ್ಣೂ ಇರುತ್ತದೆ, ಮಿರಮಿರ ಮಿಂಚುವ ಕಪ್ಪು ಹಣ್ಣೂ ಇರುತ್ತದೆ.

ಅಲ್ಲಿ ಮೊಣಕಾಲೆತ್ತರಕ್ಕಿಂತ ಕೆಳಗೇ ಹರಡುವ ಜಾತಿಗಳು ಮುಖ್ಯವಾಗಿ ಎರಡು: ವ್ಯಾಕ್ಸಿನಿಯಂ ಅಂಗುಸ್ಟಿಫೋಲಿಯಂ ಮತ್ತು ವ್ಯಾಕ್ಸಿನಿಯಂ ಮಿರ್ಟಿಲೋಯಿಡಿಸ್. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಅಂಚಿನುದ್ದಕ್ಕೂ ಸಣ್ಣ ಗರಗಸದ ಹಲ್ಲು ಕಂಡು, ಎಲೆ ನುಣುಪಾಗಿದ್ದರೆ ಮೊದಲನೆಯದು. ಅಂಚಿನಲ್ಲಿ ಹಲ್ಲಿಲ್ಲ, ಎಲೆಗೂ ಎಳೆ ಕಡ್ಡಿಗೂ ಮೆತ್ತಗೆ ರೋಮ ತುಂಬಿದೆ ಅಂದರೆ ಎರಡನೆಯದು. ಇದರ ಹಣ್ಣಿಗೆ ಹುಳಿ ಸ್ವಲ್ಪ ಜಾಸ್ತಿ. ಹೊಸದಾಗಿ ಕಾಡು ಕಡಿದ ಜಾಗದಲ್ಲಿ ಇದೇ ಹೆಚ್ಚು. ವರ್ಷಗಳಿಂದ ಬೆಂಕಿ ಹಾಕಿ ಸವರಿದ ಹಳೆಯ ಬಯಲಲ್ಲಿ ಹಲ್ಲಿನ ಎಲೆಯದ್ದೇ ರಾಜ್ಯಭಾರ.

ಇವೆರಡೂ ಅಕ್ಕಪಕ್ಕ ಬೆಳೆದರೂ ಬೆರಕೆ ಅಪರೂಪ. ಕಾರಣ, ವರ್ಣತಂತುಗಳ ಲೆಕ್ಕ ಹೊಂದುವುದಿಲ್ಲ: ಮೊದಲನೆಯದರಲ್ಲಿ 48, ಎರಡನೆಯದರಲ್ಲಿ 24.

ನಿಜವಾದ ತಲೆನೋವು ಬೇರೆ. ಆಳೆತ್ತರಕ್ಕೂ ಮೀರಿ ಬೆಳೆಯುವ ಹೈಬುಷ್, ಅಂದರೆ ವ್ಯಾಕ್ಸಿನಿಯಂ ಕೋರಿಂಬೋಸಂ, ಹೆಚ್ಚಾಗಿ ಜೌಗು ನೆಲದ ಅಂಚಿನಲ್ಲಿರುತ್ತದೆ. ಇದರಲ್ಲೂ ಸಾಮಾನ್ಯವಾಗಿ 48 ವರ್ಣತಂತುಗಳೇ. ಹಾಗಾಗಿ ಗಿಡ್ಡ ಅಂಗುಸ್ಟಿಫೋಲಿಯಂ ಜೊತೆ ಸಲೀಸಾಗಿ ಬೆರೆಯುತ್ತದೆ. ಸೊಂಟದೆತ್ತರದ, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಗಿಡ ಸಿಕ್ಕರೆ ಹಟ ಹಿಡಿದು ಒಂದೇ ಹೆಸರು ಅಂಟಿಸಬೇಡಿ. ಸುಮ್ನೆ "ಬೆರಕೆ ಇರಬಹುದು" ಅಂತ ಬರೆದಿಡಿ. ಅದು ಸೋಲೇನಲ್ಲ, ಅಲ್ವಾ?

ಇನ್ನು ಹಕಲ್‌ಬೆರಿ. ನೋಡಲು ಥೇಟ್ ಬ್ಲೂಬೆರಿಯೇ, ಆದರೆ ಕುಲವೇ ಬೇರೆ: ಗೇಲುಸಾಸಿಯಾ. ಕಪ್ಪು ಹಕಲ್‌ಬೆರಿಯ ಎಲೆ ತಿರುಗಿಸಿದರೆ ಹಳದಿ ಅಂಟಿನ ಚುಕ್ಕೆಗಳು ಮಿನುಗುತ್ತವೆ. ಬಿಳಿ ಕಾಗದಕ್ಕೆ ಉಜ್ಜಿದರೆ ಹಳದಿ ಕಲೆ ಬೀಳುತ್ತದೆ. ಬ್ಲೂಬೆರಿ ಎಲೆಯಲ್ಲಿ ಈ ಚುಕ್ಕೆಗಳಿರುವುದಿಲ್ಲ. ಹಣ್ಣು ಕಚ್ಚಿದರೂ ಗೊತ್ತಾಗುತ್ತದೆ. ಹಕಲ್‌ಬೆರಿಯಲ್ಲಿ ಹತ್ತು ಗಟ್ಟಿ ಬೀಜ ಹಲ್ಲಿಗೆ ಕರಕರ ಸಿಗುತ್ತವೆ. ಬ್ಲೂಬೆರಿಯ ಬೀಜ ಎಷ್ಟೇ ಇದ್ದರೂ ನಾಲಗೆಗೆ ತಿಳಿಯುವುದೇ ಇಲ್ಲ. ಆದರೆ ಬೇರೆ ಗುರುತುಗಳಿಂದ ಗಿಡ ಖಚಿತವಾಗುವ ತನಕ ಬಾಯಿಗೆ ಹಾಕಬೇಡಿ.

ಮುಂದಿನ ಸಲ ಫೋಟೋ ಕಳಿಸುವಾಗ ಎಲೆಯ ಅಂಚು, ಎಲೆಯ ಹಿಂಬದಿ, ಎಳೆ ಕಡ್ಡಿ, ಗಿಡದ ಎತ್ತರ ಇಷ್ಟೂ ಕಾಣುವಂತೆ ತೆಗೆಯಿರಿ. ಹಣ್ಣಿನ ಫೋಟೋ ಇಲ್ಲದಿದ್ದರೂ ನಡೆಯುತ್ತದೆ.