ಚೆಸ್ಟರ್ಸ್‌ನ ರೋಮನ್ ಸ್ನಾನಗೃಹ: ನಾನು ನೆಲ ಅಂದ್ಕೊಂಡಿದ್ದು ನೆಲವೇ ಅಲ್ಲ

ರೋಮನ್ ಸ್ನಾನಗೃಹಗಳ ಬಗ್ಗೆ ಇರೋ ಒಂದು ಚಾಪ್ಟರ್ ಹಿಡ್ಕೊಂಡು ಮೂರು ದಿನ ಒದ್ದಾಡಿದೀನಿ, ಇವತ್ತು ತಲೆಗೆ ಹತ್ತಿತು, ಮರೆಯೋಕೆ ಮುಂಚೆ ಬರೆದಿಡ್ತಿದೀನಿ. ನಿಮಗೂ ಉಪಯೋಗ ಆದ್ರೆ ಆಗ್ಲಿ.

ಜಾಗ ಬೇಗ ಮುಗಿಸ್ತೀನಿ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ರೋಮನ್ನರ ಗಡಿ ಗೋಡೆ, ಹೇಡ್ರಿಯನ್ ಗೋಡೆ ಅಂತ, ಕ್ರಿ.ಶ. 122ರಲ್ಲಿ ಕಟ್ಟೋಕೆ ಶುರು ಮಾಡಿದ್ದು. ಅದರ ಮೇಲಿನ ಒಂದು ಕೋಟೆ ಚೆಸ್ಟರ್ಸ್, ರೋಮನ್ನರ ಬಾಯಲ್ಲಿ ಕಿಲುರ್ನಮ್. ಸುಮಾರು 500 ಜನರ ಕುದುರೆ ಪಡೆ ಇಲ್ಲಿತ್ತು. ಸೈನಿಕರ ಸ್ನಾನಗೃಹ ಕೋಟೆ ಒಳಗಿಲ್ಲ, ಹೊರಗೆ ನಾರ್ತ್ ಟೈನ್ ನದಿ ಕಡೆ ಇಳಿಜಾರಲ್ಲಿದೆ. ಅಗೆದು ತೆಗೆದಿದ್ದು 1884-85ರಲ್ಲಿ. ಮೇಲಿಂದ ಜಾರಿ ಬಂದ ಮಣ್ಣು ಮುಚ್ಕೊಂಡಿದ್ದಕ್ಕೇ ಗೋಡೆಗಳು ಇವತ್ತಿಗೂ ಆಳೆತ್ತರ ಮೀರಿ ನಿಂತಿವೆ.

ಯಾಕೆ ಹೊರಗೆ ಅಂದ್ರೆ ನೀರು ಒಂದು ಕಾರಣ, ಬೆಂಕಿ ಇನ್ನೊಂದು. ಬೋಸ್ ಅನ್ನೋ ಇನ್ನೊಂದು ಕೋಟೆಯಲ್ಲಿ ಸಿಕ್ಕ ಶಾಸನದಲ್ಲಿ, ಬೆಂಕಿಗೆ ಸುಟ್ಟುಹೋದ ಸ್ನಾನಗೃಹವನ್ನ ಬ್ರಿಟನ್‌ನ ರೋಮನ್ ಗವರ್ನರ್ ವಿರಿಯಸ್ ಲೂಪಸ್ ಮತ್ತೆ ಕಟ್ಟಿಸಿದ ಅಂತ ನೇರವಾಗಿ ಬರೆದಿದೆ, ಅದೂ ಫಾರ್ಚೂನಾ ದೇವತೆ ಹೆಸರಲ್ಲಿ. ಬರೀ ಮೈಯಲ್ಲಿ ಬಿಸಿ ನೆಲದ ಮೇಲೆ ಓಡಾಡೋ ಜಾಗ, ಅದೃಷ್ಟ ದೇವತೆ ಬೇಕೇ ಬೇಕಲ್ವಾ.

ಈಗ ನಾನು ಎಡವಿದ್ದು. ಹೈಪೋಕಾಸ್ಟ್ (ನೆಲದಡಿಯಿಂದ ರೂಮು ಬಿಸಿ ಮಾಡೋ ವ್ಯವಸ್ಥೆ) ಅಂತ ಫೋಟೋ ತೋರಿಸ್ತಾರಲ್ಲ, ಮೊಣಕಾಲೆತ್ತರದ ಗಿಡ್ಡ ಕಂಬಗಳು ಸಾಲಾಗಿ ನಿಂತಿರೋದು, ಅದನ್ನ ನೋಡಿ ನಾನು ಅದೇ ರೂಮು, ಕಂಬಗಳ ಮೇಲೆ ಕೂತ್ಕೊಂಡು ಸ್ನಾನ ಮಾಡ್ತಿದ್ರು ಅಂತ ನಂಬಿದ್ದೆ, ನಗಬೇಡಿ. ಆಮೇಲೆ ನೋಡಿದ್ರೆ ನನ್ನ ಹತ್ರ ಇದ್ದ ಫೋಟೋ ಸೈನಿಕರ ಸ್ನಾನಗೃಹದ್ದೂ ಅಲ್ಲ, ಕೋಟೆ ಒಳಗಿನ ಕಮಾಂಡರ್ ಮನೇದು! ಅದಿರಲಿ. ವಿಷಯ ಏನಂದ್ರೆ ಆ ಕಂಬಗಳಿರೋದು ನೆಲದ ಕೆಳಗೆ. ಕಂಬದ ತಲೆ ಮೇಲೆ ದೊಡ್ಡ ಚೌಕದ ಹೆಂಚು, ಸುಮಾರು ಎರಡು ಅಡಿ ಅಗಲ, ಒಂದು ಕಂಬದಿಂದ ಇನ್ನೊಂದಕ್ಕೆ ಸೇತುವೆ ಥರ ಕೂರುತ್ತೆ, ಅದರ ಮೇಲೆ ಗಾರೆ ದಪ್ಪಗೆ, ಅದು ನಡೆಯೋ ನೆಲ. ಎಷ್ಟೋ ಕಡೆ ಆ ನೆಲ ಕುಸಿದುಹೋಗಿದೆ, ಉಳಿದಿರೋದು ನೆಲಮಾಳಿಗೆ ಮಾತ್ರ. ಹಾಗಾಗಿ ಪಾಳು ಜಾಗದ ಫೋಟೋ ನೋಡುವಾಗ ಮೊದಲು ಬಾಗಿಲಿನ ಹೊಸ್ತಿಲು ಹುಡುಕಿ, ನಿಜವಾದ ನೆಲ ಆ ಮಟ್ಟದಲ್ಲಿತ್ತು ಅಂತ ಮನಸ್ಸಲ್ಲೇ ಒಂದು ಗೆರೆ ಎಳ್ಕೊಳ್ಳಿ. ಈ ಒಂದು ಗೆರೆ ನನ್ನ ಅರ್ಧ ಕನ್‌ಫ್ಯೂಶನ್ ತೀರಿಸ್ತು.

ಇನ್ನರ್ಧ ಬೆಂಕಿ ಎಲ್ಲಿ ಅನ್ನೋದು. ಒಲೆ ಬಾಯಿ ಹೊರಗೋಡೇಲಿ, ಅಜ್ಜಿ ಮನೆ ಬಚ್ಚಲಿಗೆ ಹೊರಗಿಂದ ಸೌದೆ ತುರುಕ್ತಿದ್ವಲ್ಲ ಹಾಗೆ. ಆದ್ರೆ ಬಚ್ಚಲೊಲೇಲಿ ಬಿಸಿಯಾಗೋದು ಹಂಡೆ ಮಾತ್ರ, ಇಲ್ಲಿ ಬಿಸಿಗಾಳಿ, ಹೊಗೆ ಎಲ್ಲಾ ನೆಲದಡಿ ಕಂಬಗಳ ಸಂದೀಲಿ ನುಗ್ಗಿ, ಗೋಡೆಯೊಳಗಿನ ಟೊಳ್ಳಲ್ಲಿ ಮೇಲಕ್ಕೆ ಹೋಗುತ್ತೆ. ಹೊಗೆ ರೂಮಿಗೆ ಬರಲ್ಲ, ಇದನ್ನ ಎರಡು ಸಲ ಅಂಡರ್‌ಲೈನ್ ಮಾಡಿ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳೋ ಪ್ರಕಾರ ಕಂಬಗಳು ನಿಂತಿರೋ ಈ ತಳವನ್ನ ಒಲೆ ಕಡೆಗೆ ಇಳಿಜಾರಾಗಿ ಮಾಡ್ಬೇಕು, ಒಂದು ಚೆಂಡು ಒಳಗೆ ಎಸೆದ್ರೆ ಅದು ತಾನಾಗೇ ಉರುಳಿ ಒಲೆ ಬಾಯಿಗೆ ವಾಪಸ್ ಬರ್ಬೇಕು, ಆಗ ಜ್ವಾಲೆ ಸಲೀಸಾಗಿ ಮೇಲೇರಿ ಹರಡುತ್ತೆ. ಚೆಂಡಿನ ಈ ಸಾಲು ಓದಿದ್ಮೇಲೇ ನನಗೆ ಇಡೀ ಸಿಸ್ಟಮ್ ಕಣ್ಣಿಗೆ ಕಟ್ಟಿದ್ದು.

ಇಲ್ಲಿಂದ ನನ್ನ ಶಾರ್ಟ್‌ಕಟ್: ಪ್ಲಾನ್ ಕೈಗೆ ಸಿಕ್ಕಿದ್ರೆ ರೂಮಿನ ಲ್ಯಾಟಿನ್ ಹೆಸರು ಓದ್ಬೇಡಿ, ಒಲೆ ಹುಡುಕಿ. ಒಲೆಗೆ ಅಂಟಿರೋದು ಕಾಲ್ಡೇರಿಯಮ್, ಬಿಸಿ ರೂಮು. ಅದರಾಚೆ ಟೆಪಿಡೇರಿಯಮ್, ಉಗುರು ಬೆಚ್ಚಗೆ. ಬೆಂಕಿ ಮುಟ್ಟದ್ದು ಫ್ರಿಜಿಡೇರಿಯಮ್, ತಣ್ಣನೆ ರೂಮು. ಕನ್‌ಫ್ಯೂಸ್ ಆಗೋದು ಒಂದೇ ಕಡೆ, ಚೆಸ್ಟರ್ಸ್‌ನಲ್ಲಿ ಒಣ ಬಿಸಿಯ ರೂಮು ಬೇರೆ ಇದೆ, ಲಕೋನಿಕಮ್ ಅಂತ, ಅದಕ್ಕೆ ಅದರದೇ ಒಲೆ.

ಬಟ್ಟೆ ಬದಲಿಸೋ ಹಾಲ್‌ನ ಗೋಡೇಲಿ ಏಳು ಗೂಡುಗಳಿವೆ. ಬಟ್ಟೆ ಇಡೋಕೆ ಅಂತ ಕೆಲವರು, ದೇವರ ಮೂರ್ತಿಗೆ ಅಂತ ಕೆಲವರು. 500 ಜನಕ್ಕೆ ಏಳೇ ಗೂಡು ಯಾವ ಮೂಲೆಗೆ, ನನ್ನ ಓಟು ಮೂರ್ತಿಗೆ.

ಕಟ್ಟಿದ್ದು ಯಾರು ಅಂತ ಕೇಳಿದ್ರೆ ಸೈನಿಕರೇ. ಹತ್ತಿರದ ವಿಂಡೊಲಾಂಡಾ ಅನ್ನೋ ಇನ್ನೊಂದು ರೋಮನ್ ಕೋಟೆಯಲ್ಲಿ ಸಿಕ್ಕ ಮರದ ಹಲಗೆ ಪತ್ರದಲ್ಲಿ ಒಂದು ದಿನದ ಕೆಲಸದ ಲೆಕ್ಕ ಇದೆ: ಒಟ್ಟು 343 ಜನ, ಅದರಲ್ಲಿ 12 ಜನ ಚಪ್ಪಲಿ ಹೊಲಿಯೋರು, 18 ಜನ ಸ್ನಾನಗೃಹದ ಕಟ್ಟೋ ಕೆಲಸಕ್ಕೆ. ಅಲ್ಲೇ ಮರದ ಅಟ್ಟೆಯ ಪಾದುಕೆಗಳೂ ಸಿಕ್ಕಿವೆ, ಸ್ನಾನಗೃಹದಲ್ಲಿ ಹಾಕ್ಕೊಳ್ಳೋಕೆ. ನೆಲದಡಿ ಬೆಂಕಿ ಇದೆ ಅಂತ ಅರ್ಥ ಆಗೋವರೆಗೂ ಆ ಪಾದುಕೆ ಯಾಕೆ ಅಂತಾನೂ ನನಗೆ ಹೊಳೆದಿರಲಿಲ್ಲ.