ಪದ ಪರಿಚಯ: ಕರೆಯುವ ಅಂತರ

ಒಮ್ಮೆ ಹಾಲು ಕರೆದು ಎದ್ದ ಹೊತ್ತಿನಿಂದ ಮತ್ತೆ ಕರೆಯಲು ಕೂರುವವರೆಗಿನ ಅವಧಿಯೇ ಕರೆಯುವ ಅಂತರ. ದಿನಕ್ಕೆ ಎರಡು ಸಲವೋ ಮೂರು ಸಲವೋ ಎಂಬ ಚರ್ಚೆ ಸಾಮಾನ್ಯವಾಗಿ ಲೀಟರಿನ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಕೆಚ್ಚಲಿನ ಆರೋಗ್ಯವೂ ಈ ಅಂತರವನ್ನು ಅವಲಂಬಿಸಿದೆ ಎಂಬುದು ಹಸುವಿಗೆ ಕೆಚ್ಚಲು ಬಾವು ಬಂದ ಮೇಲೆಯೇ ಅನೇಕರ ಗಮನಕ್ಕೆ ಬರುತ್ತದೆ.

ಹಾಲು ತಯಾರಾಗುವುದು ಕೆಚ್ಚಲಿನೊಳಗಿನ ಅತಿ ಸಣ್ಣ ಚೀಲಗಳಲ್ಲಿ. ಅವು ತುಂಬುತ್ತ ಬಂದಂತೆ ಒಳಗಿನ ಒತ್ತಡ ಏರಿ ಉತ್ಪಾದನೆ ನಿಧಾನಗೊಳ್ಳುತ್ತದೆ. ಸುಮಾರು 18 ಗಂಟೆ ಕರೆಯದೆ ಬಿಟ್ಟರೆ ಚೀಲದ ಗೋಡೆಯಲ್ಲಿ ಜೀವಕೋಶಗಳ ನಡುವಿನ ಬಿಗಿ ಸಡಿಲಗೊಂಡು, ರಕ್ತದ ಸೋಡಿಯಂ ಹಾಲಿಗೂ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ರಕ್ತಕ್ಕೂ ಸೋರತೊಡಗುತ್ತವೆ. ನ್ಯೂಜಿಲೆಂಡಿನಲ್ಲಿ ದಿನಕ್ಕೆ ಒಮ್ಮೆ ಮಾತ್ರ ಕರೆಯುವ ಪದ್ಧತಿ ಕೆಲವೆಡೆ ಇದ್ದು, ಅಲ್ಲಿ ಹಾಲಿನ ಪ್ರಮಾಣ ಇಳಿಯುವುದರ ಜೊತೆಗೆ ಹಾಲಿನಲ್ಲಿ ಸೊಮ್ಯಾಟಿಕ್ ಕೋಶಗಳ, ಅಂದರೆ ಹೆಚ್ಚಾಗಿ ಬಿಳಿರಕ್ತಕಣಗಳ, ಸಂಖ್ಯೆ ಏರುವುದು ಕಂಡುಬಂದಿದೆ.

ಮೊಲೆತೊಟ್ಟಿನ ಮೂಲಕ ಒಳಹೊಕ್ಕ ಬ್ಯಾಕ್ಟೀರಿಯಾಗಳಿಗೆ ನಿಂತ ಹಾಲೇ ಆಹಾರವಾದ್ದರಿಂದ, ಮೇಲಿಂದ ಮೇಲೆ ಕರೆದಾಗ ಅವು ಹೆಚ್ಚುವ ಮೊದಲೇ ಹಾಲಿನೊಡನೆ ಹೊರಬೀಳುತ್ತವೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಕರೆದ ಮೇಲೆ ತೊಟ್ಟಿನ ತುದಿಯ ರಂಧ್ರ ಕೂಡಲೇ ಮುಚ್ಚಿಕೊಳ್ಳುವುದಿಲ್ಲ. ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ತೆರೆದೇ ಇರುತ್ತದೆ. ಆ ಹೊತ್ತಿನಲ್ಲಿ ಹಸು ಸಗಣಿ ಗಂಜಲದ ನೆಲದ ಮೇಲೆ ಮಲಗಿತೆಂದರೆ ಸೋಂಕಿಗೆ ದಾರಿ ಸಿಕ್ಕಂತೆಯೇ. ಕರೆದಾದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಹಸಿಮೇವು ಹಾಕಿ ಹಸುವನ್ನು ನಿಲ್ಲಿಸಿಕೊಳ್ಳಬೇಕೆಂದು ಪಶುವೈದ್ಯರು ಹೇಳುವುದು ಇದಕ್ಕೇ. ಕೈ ತೊಳೆಯದೆ, ಹೆಬ್ಬೆರಳು ಮಡಚಿ ತೊಟ್ಟನ್ನು ಜಗ್ಗಿ ಹಿಂಡುವವರು ಮೂರನೆಯ ಸಲ ಕರೆದರೆ ಅಪಾಯವೂ ಮೂರನೆಯ ಸಲ ಎದುರಾಗುತ್ತದೆ. ಯಂತ್ರದಲ್ಲಿಯೂ ಅಷ್ಟೇ: ಹಾಲು ನಿಂತ ಮೇಲೂ ತೊಟ್ಟುಗಳಿಗೆ ಹಾಕಿದ ಯಂತ್ರದ ಕಪ್‌ಗಳನ್ನು ತೆಗೆಯದೆ ಬಿಟ್ಟರೆ ತೊಟ್ಟಿನ ತುದಿ ಒರಟಾಗಿ ಬಿರಿಯುತ್ತದೆ.

ಕರ್ನಾಟಕದ ಹಳ್ಳಿಗಳಲ್ಲಿ ಈ ಅಂತರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಹಸುವೂ ಅಲ್ಲ, ರೈತನೂ ಅಲ್ಲ, ಬೆಳಗ್ಗೆ ಸಂಜೆ ಹಾಲು ಅಳೆಯುವ ಡೈರಿಯ ಸಮಯ. ಬೆಳಗ್ಗೆ 6ಕ್ಕೆ, ಸಂಜೆ 5ಕ್ಕೆ ಕರೆದರೆ ಅಂತರ 11 ಮತ್ತು 13 ಗಂಟೆ; ಇಷ್ಟು ವ್ಯತ್ಯಾಸದಿಂದ ತೊಂದರೆಯೇನಿಲ್ಲ. ಆರೆಂಟು ಲೀಟರ್ ಕೊಡುವ ಹಸುವಿಗೆ ಮೂರನೆಯ ಸಲ ಕರೆಯುವ ಶ್ರಮ ವ್ಯರ್ಥವೆಂದೇ ನನ್ನ ಅನಿಸಿಕೆ. ಹೊಸದಾಗಿ ಕರು ಹಾಕಿ ದಿನಕ್ಕೆ 25 ಲೀಟರ್ ದಾಟಿರುವ ಎಚ್‌.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಮಾತು ಬೇರೆ. ಕರೆಯುವ ಹೊತ್ತಿಗೆ ಮೊದಲೇ ಅದರ ಕೆಚ್ಚಲು ಬಿಗಿದು ತೊಟ್ಟಿನಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿದ್ದರೆ, ರಂಧ್ರ ತೆರೆದಿದೆ, ಅಂತರ ಆ ಹಸುವಿಗೆ ಹೆಚ್ಚಾಗಿದೆ ಎಂದರ್ಥ. ಅಂಥಲ್ಲಿ ಮಧ್ಯಾಹ್ನ ಒಮ್ಮೆ ಕರೆಯುವುದು ಲೀಟರಿಗಿಂತ ಮೊದಲು ಕೆಚ್ಚಲಿಗಾಗಿ ಬೇಕಾದ ಕೆಲಸ.